ನೀಲಿ ನೀರು, ಏಳನೆಯ ಕಂತು: ಎರಡು ಬಾಟಲಿ, ಒಂದು ಬಾವಿ

ಒಂದು ಸೀರೆಯ ನೂಲಿಗೆ ನೀಲಿ ಏರಿಸಲು ಬಣ್ಣಕ್ಕೆ ನಲವತ್ತು ರೂಪಾಯಿ, ಉಪ್ಪು ಸೋಡಾಕ್ಕೆ ಹತ್ತು, ಉರುವಲಿಗೆ ಹದಿನೈದು, ಕೂಲಿಗೆ ಮೂವತ್ತು. ಆ ನೂಲು ತೊಳೆದ ನೀರನ್ನು ಮತ್ತೆ ನೀರಿನ ಹಾಗೆ ಮಾಡಲು ನೂರಾ ಹತ್ತು.

ಪರಮಾನಂದ ಈ ಲೆಕ್ಕವನ್ನು ನೀಲಿಗಟ್ಟಿದ ಬೆರಳು ಮಡಚುತ್ತ ಹೇಳಿ ಮುಗಿಸಿದ. ಬನಹಟ್ಟಿಯ ಅವನ ಬಣ್ಣದ ಮನೆಯಲ್ಲಿ ಕಡಾಯಿ ಕುದಿಯುತ್ತಿತ್ತು. ಪಕ್ಕದ ಓಣಿಯ ಮಗ್ಗಗಳ ಸದ್ದಿಗೆ ಅವನು ಕೂಗಿಯೇ ಮಾತಾಡಬೇಕಾಗಿತ್ತು.

"ಬಣ್ಣ ಹಾಕೋದಕ್ಕಿಂತ ಬಣ್ಣ ತಗಿಯೋದು ತುಟ್ಟಿ ಆತಂದ್ರ ಯಾವ ಮಗ ತಗಿತಾನ್ರಿ ಶಿದ್ರಾಮಪ್ಪನವರ? ನಾ ಗಟಾರಕ್ಕ ಬಿಡತೇನಿ. ಓಣಿ ಮಂದಿ ಎಲ್ಲಾ ಬಿಡತಾರ. ಹೌದಂತ ನಿಮ್ಮ ಮುಂದ ಹೇಳಾಕತ್ತೇನಿ. ಆದರ ಪಾಯಪ್ಪನ ಬಾವಿಗೆ ನನ್ನ ನೀರು ಹೋಗಿಲ್ಲ."

ಶಿದ್ರಾಮಪ್ಪ ಮುರುಕು ಸ್ಟೂಲಿನ ಮೇಲೆ ಕುಳಿತು ಕೇಳುತ್ತಿದ್ದ. ಹುನ್ನೂರಿನವನು. ವಿಮಾ ಕಂಪನಿಯೊಂದರಲ್ಲಿ ಸತ್ತ ದನಗಳ ತನಿಖೆ ಮಾಡುತ್ತ ಆಯುಷ್ಯ ಕಳೆದವನು. ಯಾವ ಆಕಳು ಹಾವು ಕಡಿದು ಸತ್ತಿತು, ಯಾವುದು ಯಜಮಾನ ಹಾಕಿದ ಯೂರಿಯಾ ತಿಂದು ಸತ್ತಿತು ಎಂದು ಹುಡುಕಿ ಹುಡುಕಿ, ಮನುಷ್ಯರ ಮುಖ ಓದುವುದು ಅಭ್ಯಾಸವಾಗಿತ್ತು. ಊರ ಮಂದಿ ಅವನನ್ನು ಎದುರಿಗೇ 'ದನದ ಸಿಐಡಿ' ಎಂದು ಕರೆಯುತ್ತಿದ್ದರು. ಅವನೂ ಓಗೊಡುತ್ತಿದ್ದ.

ಎಮ್ಮೆಯನ್ನು ತಾನೇ ಕೊಂದವನು ಮೊದಲು ಅಳುತ್ತಾನೆ. ಖರೇ ಎಮ್ಮೆ ಸತ್ತವನು ಮೊದಲು ಅದರ ಬೆಲೆ ಹೇಳುತ್ತಾನೆ. ಪರಮಾನಂದ ಬೆಲೆ ಹೇಳಿದ್ದ. ಅದೇ ಶಿದ್ರಾಮಪ್ಪನಿಗೆ ಕಾಲಿಗೆ ತೊಡರಿದ ಮುಳ್ಳಾಗಿತ್ತು.

"ನಿಮ್ಮ ನೀರು ಹೋಗಿಲ್ಲಂದ್ರ ನನ್ನ ಬಾಟಲ್ಯಾಗ ನೀಲಿ ಎಲ್ಲಿಂದ ಬಂತು?" ಬಾಗಿಲಲ್ಲಿ ನಿಂತ ವೈಶಾಲಿ ಕೇಳಿದಳು.

"ಅದನ್ನ ನೀವ ಹೇಳಬೇಕ್ರಿ ಮೇಡಂ. ನಮ್ಮ ಅಂಗಡ್ಯಾಗ ನೀಲಿ ಪುಡಿ ಯಾರಿಗೆ ಬೇಕಾದರೂ ಸಿಗತೈತಿ."

ವೈಶಾಲಿಯ ಕಣ್ಣು ಕೆಂಪಾದವು.

ಹದಿನೈದು ದಿನಗಳ ಗೊಂದಲವೆಲ್ಲ ಆ ಒಂದು ಮಾತಿನಲ್ಲಿತ್ತು. ಮುಧೋಳದ ಈ ಹುಡುಗಿ ಎರಡು ವರ್ಷದಿಂದ ರಬಕವಿ ಬನಹಟ್ಟಿಯ ಸುತ್ತಲಿನ ಬಾವಿಗಳಲ್ಲಿ ಕಾರಖಾನೆ ಕಸದ ವಿಷ ಎಷ್ಟು ಇಳಿದಿದೆ ಎಂದು ಸಂಶೋಧನೆ ಮಾಡುತ್ತಿದ್ದಳು. ತೇರದಾಳ ದಾರಿಯ ಪಾಯಪ್ಪನ ಬಾವಿಯಿಂದ ಅವಳು ಬೆಳಿಗ್ಗೆ ತುಂಬಿದ ಬಾಟಲಿಯಲ್ಲಿ ನೀಲಿ ಎಳೆಗಳು ಕಂಡವು, ಆಮೇಲಿನ ಪರೀಕ್ಷೆಯಲ್ಲಿ ಕ್ರೋಮಿಯಂ ಎಂಬ ವಿಷದ ಲೋಹವೂ ಸಿಕ್ಕಿತು. ಎಳೆ ಕಂಡ ಸುದ್ದಿಗೆ ಬಣ್ಣದ ಮನೆಯವರು ಗದ್ದಲ ಮಾಡಿದ್ದರಿಂದ, ಅದೇ ದಿನ ಮಧ್ಯಾಹ್ನ ಅದೇ ಬಾವಿಯಿಂದ ಪಂಚರ ಎದುರು ಇನ್ನೊಂದು ಬಾಟಲಿ ತುಂಬಿ ಅರಗಿನ ಮುದ್ರೆ ಒತ್ತಿದರು. ಅದರಲ್ಲಿ ಏನೂ ಸಿಗಲಿಲ್ಲ.

ನಾಳೆ ಜಮಖಂಡಿಯಲ್ಲಿ ವಿಚಾರಣಾ ಸಮಿತಿ ಕೂಡುತ್ತದೆ. ಮೂವರು. ಹುಡುಗಿಯೇ ಬಾಟಲಿಗೆ ಬಣ್ಣ ಹಾಕಿದಳು ಎಂದು ಅವರು ಬರೆದರೆ, ಮುಂದೆ ಯಾವ ಪ್ರಯೋಗಶಾಲೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ಅವಳು ಶಿದ್ರಾಮಪ್ಪನನ್ನು ಹುಡುಕಿಕೊಂಡು ಬಂದಿದ್ದಳು.

ಶಿದ್ರಾಮಪ್ಪ ಎದ್ದ. "ಪರಮಾನಂದ, ಊರ ಬಿಟ್ಟು ಎಲ್ಲೂ ಹೋಗಬ್ಯಾಡ. ಕರದರ ಬರಬೇಕು."

"ಎಲ್ಲಿಗೆ ಹೋಗ್ಲಿ ಕಾಕಾ? ಈ ಕೈ ನೋಡಿದರ ಯಾವ ಊರಾಗರೆ ಗುರತ ಹಿಡಿತಾರ."

*

ಸ್ಕೂಟರಿನ ಹಿಂದೆ ಕುಳಿತ ವೈಶಾಲಿ ಕಬ್ಬಿನ ಹೊಲಗಳು ಶುರುವಾದಾಗ ಒಮ್ಮೆಲೇ ಹೇಳಿದಳು:

"ಕಾಕಾ, ನನ್ನ ಬಾಟಲಿ ನಾ ಸರಿಯಾಗಿ ತೊಳದಿರಲಿಲ್ಲೇನೋ ಅಂತ ಅನ್ನಸಾಕತ್ತೈತಿ."

"ತೊಳದಿದ್ದಿ?"

"ತೊಳದಿದ್ದೆ. ಆಮ್ಲ ಹಾಕಿ ತೊಳದಿದ್ದೆ. ಆದರ ಈಗ ಮಂದಿ ಹೇಳಿದ್ದು ಕೇಳಿ ಕೇಳಿ, ತೊಳದಿದ್ದು ಕನಸಿನ್ಯಾಗೇನೋ ಅನ್ನಸತೈತಿ."

"ಹತ್ತು ಮಂದಿ ಕತ್ತೆ ಅಂದರ ಆಕಳಿಗೂ ಕಿವಿ ಉದ್ದ ಆದಂಗ ಅನ್ನಸತೈತಿ" ಎಂದ ಶಿದ್ರಾಮಪ್ಪ. "ನೀ ತೊಳದಿ. ಅದನ್ನ ಅಲ್ಲಿಗೆ ಬಿಡು."

ಹಾಗೆಂದನೇ ಹೊರತು ಅವನ ತಲೆಯಲ್ಲೂ ಎಳೆ ಸಿಕ್ಕುಗಟ್ಟಿತ್ತು. ಬಾಟಲಿ ಒಯ್ದ ಕಾಲೇಜಿನ ಅಟೆಂಡರ್ ಬಾಳೇಶ ದಾರಿಯಲ್ಲಿ ಬದಲಾಯಿಸಿದನೇ ಎಂದು ಅನುಮಾನಿಸಿದ್ದಾಗಿತ್ತು. ಅರಗು ಒಡೆದಿರಲಿಲ್ಲ, ಪಂಚರ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು. ಬಾವಿ ಒಂದೇ. ದಿನ ಒಂದೇ. ಹಗ್ಗ, ಕೊಡ ಕೂಡ ಒಂದೇ. ಬೆಳಿಗ್ಗೆ ವಿಷ, ಮಧ್ಯಾಹ್ನ ತಿಳಿನೀರು. ವೈಶಾಲಿ ಸುಳ್ಳು ಹೇಳಿಲ್ಲ, ಪಂಚರೂ ಸುಳ್ಳು ಹೇಳಿಲ್ಲ ಎಂದು ಅವನಿಗೆ ಖಾತ್ರಿ. ಎಲ್ಲರೂ ಖರೆ ಹೇಳುವ ಪ್ರಕರಣದಂಥ ಕೆಟ್ಟ ಪ್ರಕರಣ ಇನ್ನೊಂದಿಲ್ಲ.

ಪಾಯಪ್ಪನ ಹೊಲಕ್ಕಿಂತ ಮೊದಲು ಇಂದ್ರವ್ವನ ಮನೆ ಸಿಗುತ್ತದೆ. ಪಂಚರಲ್ಲಿ ಅವಳೊಬ್ಬಳು. ಪಾಯಪ್ಪನ ನೆರೆಯವಳು, ಅವರಂತೆಯೇ ಜೈನ ಮನೆತನ, ವಯಸ್ಸು ಎಪ್ಪತ್ತರ ಮೇಲೆ. ಅಂಗಳದಲ್ಲಿ ಕುಳಿತು ಹೆಸರುಕಾಳು ಹಸನು ಮಾಡುತ್ತಿದ್ದಳು.

"ಮತ್ತ ಬಂದಿಯೇನೋ ಸಿಐಡಿ? ನಮ್ಮ ಎಮ್ಮಿ ಇನ್ನೂ ಜೀವಂತ ಐತಿ."

"ನೂರು ವರ್ಷ ಬಾಳ್ಲಿ ಬಿಡವ್ವಾ. ಆ ದಿನದ್ದು ಇನ್ನೊಮ್ಮೆ ಹೇಳ. ಪಾಯಪ್ಪನ ಹೆಂಡತಿ ಸುಮನಕ್ಕ ಬಾಟಲಿ ಹೆಂಗ ತುಂಬಿದಳು?"

"ಎಷ್ಟ ಸಲ ಹೇಳಬೇಕೋ! ಹಗ್ಗ ಬಿಟ್ಟಳು, ಕೊಡ ಸೇದಿದಳು, ಬಾಟಲಿ ತುಂಬಿದಳು, ಅರಗು ಒತ್ತಿದರು. ನಾ ಹೆಬ್ಬಟ್ಟ ಒತ್ತಿದೆ. ಬೆರಳು ಸುಟ್ಟಿತು, ನೋಡ."

"ಸೇದಿದ್ದಕ್ಕೂ ತುಂಬಿದ್ದಕ್ಕೂ ನಡುವ ಏನೂ ಮಾಡಲಿಲ್ಲ?"

"ನಡುವ ಏನ ಮಾಡತಾಳ? ಕುಣೀತಾಳೇನು?"

ವೈಶಾಲಿ ನಿಟ್ಟುಸಿರು ಬಿಟ್ಟಳು. ಇಂದ್ರವ್ವ ಅವಳನ್ನು ಮೇಲಿಂದ ಕೆಳಗೆ ನೋಡಿ ಮೆತ್ತಗಾದಳು.

"ಬಿಸಲಾಗ ಬಂದೀಯವ್ವಾ, ಮಾರಿ ಬಾಡೈತಿ. ನೀನ ಬಣ್ಣ ಹಾಕಿದಿ ಅಂತ ನಾ ಎಂದೂ ಅನ್ನಂಗಿಲ್ಲ. ಆದರ ನಾ ಕಂಡದ್ದ ನಾ ಹೇಳಬೇಕಲ್ಲ?"

"ಹೇಳ್ರಿ ಅಜ್ಜಿ, ಕಂಡದ್ದ ಹೇಳ್ರಿ" ಎಂದಳು ವೈಶಾಲಿ. "ನಾನೂ ಕಂಡದ್ದನ್ನ ಹೇಳಿದ್ದು."

*

ಪಾಯಪ್ಪ ಮನೆಯಲ್ಲಿರಲಿಲ್ಲ. ಹೊಲದ ತುದಿಯಲ್ಲಿ ಕಬ್ಬಿಗೆ ನೀರು ಬಿಡಲು ಹೋಗಿದ್ದ. ಅವನ ಹೆಂಡತಿ ಸುಮನಕ್ಕ ಕಟ್ಟೆಯ ಮೇಲೆ ಚಾಪೆ ಹಾಸಿದಳು. ಬಾವಿ ಅಂಗಳಕ್ಕೆ ಅಂಟಿಕೊಂಡೇ ಇತ್ತು. ಅದರಾಚೆ ಪಂಪಿನ ಗುಡಿಸಲು, ಗುಡಿಸಲ ಹಿಂದೆ ತಾಡಪತ್ರಿ ಮುಚ್ಚಿದ ತಿಪ್ಪೆ.

"ಮೊದಲ ನೀರು ಕುಡೀರಿ. ಆಮ್ಯಾಲ ಮಾತು" ಎಂದಳು ಸುಮನಕ್ಕ.

ಹಗ್ಗ ಬಿಟ್ಟು ಕೊಡ ಸೇದಿದಳು. ಕಟ್ಟೆಯ ಮೇಲೆ ಒಣಗಿದ್ದ ದಪ್ಪ ಬಿಳಿ ಅರಿವೆಯನ್ನು ಎರಡು ಮಡಿಕೆ ಮಾಡಿ ತಾಮ್ರದ ಬಿಂದಿಗೆಯ ಬಾಯಿಗೆ ಕಟ್ಟಿ, ಕೊಡದ ನೀರನ್ನು ಸಾವಕಾಶ ಸುರಿದಳು. ನೀರು ಇಳಿದ ಮೇಲೆ ಬಿಂದಿಗೆಯಿಂದ ಎರಡು ತಂಬಿಗೆ ತುಂಬಿ ಇಬ್ಬರ ಮುಂದಿಟ್ಟಳು. ಆಮೇಲೆ ಅರಿವೆಯನ್ನು ಮಗುಚಿ, ಸೋಸಿದ ನೀರನ್ನೇ ಮೇಲೆ ಹನಿಸಿ, ಅದಕ್ಕೆ ಹತ್ತಿದ್ದನ್ನೆಲ್ಲ ಸಣ್ಣ ಗಡಿಗೆಯೊಂದಕ್ಕೆ ಇಳಿಸಿದಳು. ಗಡಿಗೆಗೆ ಹಗ್ಗ ಕಟ್ಟಿ ಬಾವಿಗೆ ಬಿಡಲು ಹೊರಟಳು.

ಶಿದ್ರಾಮಪ್ಪ ತಂಬಿಗೆ ಎತ್ತಿದವನು ಹಾಗೇ ನಿಂತ.

ಈ ಸೀಮೆಯಲ್ಲಿ ಹುಟ್ಟಿದ ಅವನು ಇದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದ. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವೆ, ಅವು ಹೊಟ್ಟೆಗೆ ಹೋಗಬಾರದು, ಹೊರಗೆ ಬಿದ್ದು ಸಾಯಲೂ ಬಾರದು. ಆದ್ದರಿಂದ ಸೋಸಬೇಕು. ಸೋಸಿ ಉಳಿದದ್ದನ್ನು ಅದೇ ಬಾವಿಗೆ ಮರಳಿಸಬೇಕು. ನೋಡಿ ನೋಡಿ ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು.

"ಸುಮನಕ್ಕಾ, ತಡಿ. ಗಡಗಿ ಬಿಡಬ್ಯಾಡ."

"ಯಾಕ್ರಿ?"

"ಆ ದಿನ ಬಾಟಲಿ ತುಂಬುವಾಗ ಬಿಂದಗಿಯಿಂದ ತುಂಬಿದ್ಯೋ, ಕೊಡದಿಂದ ತುಂಬಿದ್ಯೋ?"

ಸುಮನಕ್ಕ ನಗುವಂತೆ ನೋಡಿದಳು. ಇದೂ ಒಂದು ಪ್ರಶ್ನೆಯೇ ಎಂಬ ನಗು. "ಬಿಂದಗಿಯಿಂದ್ರಿ. ಸೋಸದ ನೀರು ಯಾರಿಗರೆ ಹೆಂಗ ಕೊಡಬೇಕು? ಬಾಟಲಿ ಆದರೇನು, ಮನಷ್ಯಾರಿಗಲ್ಲೇನು ಅದು?"

"ಪಂಚರು ಕೇಳಿದಾಗ ಸೋಸಿದೆ ಅಂತ ಯಾಕ ಹೇಳಲಿಲ್ಲ?"

"ಸೇದಿದಿ ಏನು ಅಂತ ಕೇಳಿದರು, ಸೇದಿದೆ ಅಂದೆ. ಉಸರಾಡಿದೆ ಅಂತಾನೂ ಹೇಳಬೇಕಿತ್ತೇನ್ರಿ?"

ವೈಶಾಲಿ ಎದ್ದು ನಿಂತಳು. ತಂಬಿಗೆ ಉರುಳಿತು. "ಕಾಕಾ! ಸೋಸಿದರ ಎಳಿ ಎಲ್ಲಾ ಅರಿವ್ಯಾಗ ಉಳಿತಾವ. ಕ್ರೋಮಿಯಂ ನೀರಾಗ ಕರಗಿರಂಗಿಲ್ಲ, ಆ ಎಳಿಗೇ ಹತ್ತಿರತೈತಿ. ಎಳಿ ಹೋತಂದ್ರ ವಿಷಾನೂ ಹೋತು. ಅವರ ಬಾಟಲಿ ಖರೆ. ನನ್ನದೂ ಖರೆ!"

"ಹೌದವ್ವಾ. ಎರಡೂ ಖರೆ."

ಅವಳು ನಕ್ಕಳು. ನಕ್ಕು ಅತ್ತಳು. ಸುಮನಕ್ಕ ಏನೂ ತಿಳಿಯದೆ ತನ್ನ ಸೆರಗಿನ ತುದಿಯಿಂದ ಆ ಹುಡುಗಿಯ ಮುಖ ಒರೆಸಿದಳು. "ಸೋಸಿದ್ದು ತಪ್ಪಾತೇನವ್ವಾ?"

"ಇಲ್ರಿ ಅಕ್ಕಾರ. ನಾಳೆ ಜಮಖಂಡಿಗೆ ಬಂದು ಇಷ್ಟ ಹೇಳ್ರಿ. ಸೋಸಿದೆ ಅಂತ. ಅಷ್ಟ ಸಾಕು, ನಾ ಉಳಿತೇನಿ."

"ಇದರಾಗೇನೈತಿ, ಬರತೇನಿ."

ಶಿದ್ರಾಮಪ್ಪ ಗಡಿಗೆಯೊಳಗೆ ಇಣುಕಿದ. ಕೂದಲಿನಷ್ಟು ಸಣ್ಣ, ಮಳೆ ನಿಂತ ಮುಗಿಲಿನ ಬಣ್ಣದ ಎಳೆಗಳು ನೀರಿನಲ್ಲಿ ತಿರುಗುತ್ತಿದ್ದವು.

"ಇವನ್ನ ಮೊದಲ ನೋಡಿರಲಿಲ್ಲೇನು?"

"ನೋಡೇನ್ರಿ. ಬನಹಟ್ಟಿ ಮಗ್ಗದ ನೂಲು ಗಾಳ್ಯಾಗ ಹಾರಿ ಬಂದು ಬೀಳತೈತಿ ಅಂದ್ರು ನಮ್ಮನಿಯವರು. ಲಗೂ ನೋಡಿ ಮುಗಸ್ರಿ, ಜೀವ ಸಾಯತಾವ."

ವೈಶಾಲಿ ಚಿಮಟಿಗೆಯಿಂದ ಕೆಲವು ಎಳೆಗಳನ್ನು ತೆಗೆದು ಗಾಜಿನ ತುಂಡಿನ ಮೇಲೆ ಒಣಗಲಿಟ್ಟಳು. ಸುಮನಕ್ಕ ಗಡಿಗೆಯನ್ನು ನೀರು ಮುಟ್ಟುವ ತನಕ ಇಳಿಸಿ, ಅಲ್ಲೇ ಮಗುಚಿ, ಸಮಾಧಾನದಿಂದ ಹಗ್ಗ ಎಳೆದುಕೊಂಡಳು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಸುಮನಕ್ಕನ ಕೈಯಿಂದಲೇ ಬಾಟಲಿ ತುಂಬಿಸಬೇಕು ಎಂದು ಯೋಚಿಸಿದವರು ಯಾರು? ಹಾಗೆ ತುಂಬಿಸಿದರೆ ಅದು ಸೋಸಿದ ನೀರೇ ಆಗುತ್ತದೆ ಎಂದು ಗೊತ್ತಿದ್ದವರು ಯಾರು? ಲಾಭ ಯಾರಿಗೆ ಎಂದು ನೋಡಿದರೆ ಒಂದೇ ಹೆಸರು.

ಶಿದ್ರಾಮಪ್ಪ ಫೋನ್ ತೆಗೆದ. "ಪರಮಾನಂದ, ಕಡಾಯಿ ಇಳಿಸಿ ಬಾ."

*

ಪರಮಾನಂದನ ಗಾಡಿ ಧೂಳೆಬ್ಬಿಸಿ ನಿಂತಿತು. ಚಪ್ಪಲಿ ಬಿಟ್ಟು ಅಂಗಳಕ್ಕೆ ಬಂದ.

"ಬನಹಟ್ಟ್ಯಾಗ ಬೆಳದಾಂವ ನೀ" ಎಂದು ಶಿದ್ರಾಮಪ್ಪ ಕುಳಿತಲ್ಲಿಂದಲೇ ಶುರು ಮಾಡಿದ. "ಸಣ್ಣಂದಿನಿಂದ ಇವರ ಮನಿ ನೀರು ಕುಡದಾಂವ. ಇವರು ಸೋಸದ ನೀರು ಕೊಡಂಗಿಲ್ಲ ಅಂತ ನಿನಗ ಗೊತ್ತೋ ಇಲ್ಲೋ?"

"ಗೊತ್ತು. ಅದಕ್ಕೇನೀಗ?"

"ಆ ದಿನ ಈಕಿ ಕೈಲೆ ಬಾಟಲಿ ತುಂಬಿಸಿದಿ. ಸೋಸಿದ ನೀರು ಪರೀಕ್ಷೆಗೆ ಹೋತು. ಕಸ ಬಾವಿಗೆ ಹೋತು. ಕಳಂಕ ಈ ಹುಡುಗಿಗೆ ಬಂತು."

ಪರಮಾನಂದ ಬಿಂದಿಗೆ ನೋಡಿದ, ಅರಿವೆ ನೋಡಿದ, ವೈಶಾಲಿಯನ್ನು ನೋಡಿದ. ನಿಧಾನಕ್ಕೆ ಅವನಿಗೆ ತಿಳಿಯಿತು. ಕುಕ್ಕರಿಸಿ ಕುಳಿತು ತಲೆ ಹೊಡೆದುಕೊಂಡು ನಕ್ಕ.

"ಅಬಾಬಾಬಾ! ಇಷ್ಟು ಬುದ್ಧಿ ಇದ್ದಿದ್ದರ ನಾ ಬಣ್ಣದ ಮನಿ ಇಡತಿದ್ನೇನ್ರಿ ಕಾಕಾ? ಎಮ್ಮೆಲ್ಲೆ ಆಗತಿದ್ದೆ."

"ನಗಬ್ಯಾಡ. ನಿನ್ನ ನೂಲು ಇಲ್ಲೈತಿ" ಎಂದು ಶಿದ್ರಾಮಪ್ಪ ಗಾಜು ಮುಂದಿಟ್ಟ.

ಪರಮಾನಂದ ಎಳೆಯೊಂದನ್ನು ಬೆರಳಲ್ಲಿ ಹಿಡಿದು ಬಿಸಿಲಿಗೆ ಎತ್ತಿದ. ಹೊಸೆದ. ಜಗ್ಗಿದ. ಅವನ ನಗು ನಿಂತಿತು.

"ಇದು ನೂಲಲ್ಲ."

"ಮತ್ತೇನು?" ವೈಶಾಲಿ ಮುಂದೆ ಬಂದಳು.

"ನೂಲಿಗೆ ಹುರಿ ಇರತೈತ್ರಿ. ಇದಕ್ಕಿಲ್ಲ. ಬಣ್ಣಾನೂ ನನ್ನದಲ್ಲ, ನಂದು ಕಡು ನೀಲಿ. ಅಕ್ಕಾರ, ಕಡ್ಡಿಪೆಟ್ಟಿಗಿ ತರ್ರಿ."

ಅವನು ತನ್ನ ಅಂಗಿಯ ಅಂಚಿನಿಂದ ಹತ್ತಿಯ ದಾರವೊಂದನ್ನು ಕಿತ್ತು ಮೊದಲು ಸುಟ್ಟ. ಕಾಗದ ಸುಟ್ಟ ವಾಸನೆ ಬಂತು, ಬೂದಿ ಹಾರಿತು. ಆಮೇಲೆ ಚಿಮಟಿಗೆಯಲ್ಲಿ ಬಾವಿಯ ಎಳೆಗಳನ್ನು ಹಿಡಿದು ಕಡ್ಡಿ ಗೀರಿದ.

ಎಳೆ ಉರಿಯಲಿಲ್ಲ. ಮುರುಟಿತು. ಕಪ್ಪು ಗಂಟಾಯಿತು. ಅಂಗಳದ ತುಂಬ ಸುಟ್ಟ ಕೂದಲಿನಂಥ ನಾತ ಎದ್ದಿತು.

ಸುಮನಕ್ಕ ಸೆರಗು ಮೂಗಿಗೆ ಒತ್ತಿದಳು. "ಏನ್ರಿ ಇದು?"

ಶಿದ್ರಾಮಪ್ಪನಿಗೆ ಹೇಳುವ ಮನಸ್ಸಾಗಲಿಲ್ಲ. ಬೆಂಕಿ ಬಿದ್ದ ಎಷ್ಟೋ ದನದ ಕೊಟ್ಟಿಗೆಗಳ ಮುಂದೆ ನಿಂತು ಈ ವಾಸನೆ ಕುಡಿದಿದ್ದ. ಆದರೂ ಹೇಳದೆ ವಿಧಿಯಿರಲಿಲ್ಲ.

"ತೊಗಲು, ಸುಮನಕ್ಕಾ. ದನದ ತೊಗಲಿನ ಎಳಿ."

ಸುಮನಕ್ಕ ಬಿಂದಿಗೆಯನ್ನು ನೋಡಿದಳು. ಅದು ತನ್ನದಲ್ಲವೇನೋ ಎಂಬಂತೆ ನೋಡಿದಳು.

"ಈ ಬಾವಿ ನೀರು ದಿನಾ ಬಸದಿಗೆ ಒಯ್ಯತಾರ್ರಿ" ಎಂದಳು.

ವೈಶಾಲಿಯ ದನಿ ತನಗೇ ಹೇಳಿಕೊಳ್ಳುವಂತಿತ್ತು. "ತೊಗಲು ಹದ ಮಾಡೋ ದೊಡ್ಡ ಕಾರಖಾನಿಗೋಳಾಗ ಕ್ರೋಮಿಯಂ ಹಾಕತಾರ. ಆಗ ತೊಗಲು ಹಿಂಗ ತಿಳಿನೀಲಿ ಆಕ್ಕತಿ. ಆಮ್ಯಾಲ ಹೆರೀತಾರ, ಗುಡ್ಡದಂಥಾ ಪುಡಿ ಬೀಳತೈತಿ. ಅದನ್ನ ಎಲ್ಲಿ ಒಗೀಬೇಕಂತ ಯಾರಿಗೂ ತಿಳಿದಿಲ್ಲ. ನಾ ಎಳಿ ಆಮ್ಲದಾಗ ಕರಗಿಸಿ ಲೋಹ ಅಳದೆ. ಎಳಿ ಎಂಥಾದ್ದಂತ ನೋಡಲಿಲ್ಲ. ನೀಲಿ ಐತಿ, ಬನಹಟ್ಟಿ ಐತಿ, ಬಣ್ಣದ ಮನಿದ ಅಂತ ಬರದೆ."

"ನನ್ನ ಹೆಸರು ಬರದಿ" ಎಂದ ಪರಮಾನಂದ.

"ಹೌದ್ರಿ. ಬರದೆ. ತಪ್ಪಾತು."

"ಇರ್ಲಿ ಬಿಡ್ರಿ. ನಾನೂ ನಿಮಗ ಅನಬಾರದ್ದ ಅಂದೇನಿ." ಅವನು ಕೈ ಒರೆಸಿಕೊಂಡು ಶಿದ್ರಾಮಪ್ಪನ ಕಡೆ ತಿರುಗಿದ. "ಆದರ ಕಾಕಾ, ಒಂದ ಮಾತು. ಬಾಟಲಿ ಸರಕಾರಿ ಮನಷ್ಯಾ ತಲಾಟಿ ತುಂಬಲಿ ಅಂತ ನಾ ಹೇಳಿದ್ದು. ಅಂವ ಬಂದೂ ಬಂದಿದ್ದ, ಕೊಡಕ್ಕ ಕೈ ಹಾಕಿದ್ದ. ಬ್ಯಾಡ, ನನ್ನ ಹೆಂಡತಿ ತುಂಬಲಿ, ಆಕಿ ಕೈ ಮ್ಯಾಲ ಯಾರಿಗೂ ಸಂಶೇ ಇಲ್ಲ ಅಂದಾಂವ ಪಾಯಪ್ಪಣ್ಣ."

ಸುಮನಕ್ಕ ತಲೆ ಎತ್ತಿದಳು.

ಅದೇ ಹೊತ್ತಿಗೆ ಹೊಲದ ದಾರಿಯಿಂದ ಬೈಕು ಬಂತು. ಹಿಂದೆ ಕಬ್ಬಿನ ಸೋಗೆಯ ಹೊರೆ. ಪಾಯಪ್ಪ ಇಳಿದ. ಎತ್ತರದ ಆಳು, ಬಿಳಿ ಟೊಪ್ಪಿಗೆ, ಮೊಣಕಾಲ ತನಕ ಕೆಸರು. ನಾತ ಇನ್ನೂ ಅಂಗಳದಲ್ಲಿ ನಿಂತಿತ್ತು.

ತನ್ನ ಅಂಗಳದಲ್ಲಿ ತೊಗಲು ಸುಟ್ಟ ನಾತ ಬಂದರೆ ಯಾವ ಯಜಮಾನನಾದರೂ ಮೊದಲು 'ಏನು ಸುಟ್ಟಿರಿ?' ಎಂದು ಕೇಳುತ್ತಾನೆ. ಜೈನ ಮನೆಯ ಯಜಮಾನ ಚೀರಿಯೇ ಕೇಳುತ್ತಾನೆ.

ಪಾಯಪ್ಪ ಕೇಳಲಿಲ್ಲ. ಅವನ ಕಣ್ಣು ನೇರ ಪಂಪಿನ ಗುಡಿಸಲ ಹಿಂದಿನ ತಾಡಪತ್ರಿಗೆ ಹೋಯಿತು.

ಶಿದ್ರಾಮಪ್ಪ ಎದ್ದು, ಎಲ್ಲರಿಗೂ ಕಾಣುವಂತೆಯೇ, ಬೈಕಿನ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ.

"ಪಾಯಪ್ಪಣ್ಣ, ಕಬ್ಬಿಗೆ ಏನ ಗೊಬ್ಬರಾ ಹಾಕೀರಿ?"

"ಸಾವಯವ."

"ಎಂಥಾ ಸಾವಯವ?"

ಪಾಯಪ್ಪ ಕಟ್ಟೆಯ ತುದಿಯಲ್ಲಿ ಕುಳಿತ. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟ.

"ಕಾರಖಾನಿ ಕಸ ಕೊಳಿಸಿದ್ದು ಅಂತ ಹೇಳಿ ಕೊಟ್ಟರು. ಪುಕಟ. ಬೆಳಿ ಎದ್ದು ನಿಂತಿತು. ಮಂದಿನೂ ಕೇಳಾಕತ್ತರು. ಹಂಚಿದರ ನಿನಗೂ ಏನರೆ ಸಿಗತೈತಿ ಅಂದರು. ಹಂಚಿದೆ."

"ಎಲ್ಲಿತನಕ ಹಂಚಿದಿ?"

"ಹೊಳಿದಂಡಿ ಗುಂಟ. ಬೀಳಗಿತನಕ."

ಪರಮಾನಂದನ ಬಾಯಿಂದ "ಅಯ್ಯಯ್ಯೋ" ಎಂದು ಹೊರಟಿತು. ಬೀಳಗಿಯ ಕಡೆ ಅವನ ತಂಗಿಯ ಹೊಲವಿತ್ತು.

ಸುಮನಕ್ಕ ಗಂಡನ ಎದುರು ಬಂದು ನಿಂತಳು. ಅವಳ ದನಿ ಏರಲಿಲ್ಲ.

"ತೊಗಲಂತ ನಿಮಗ ಯಾವಾಗ ಗೊತ್ತಾತು?"

"ತರುವಾಗ ಗೊತ್ತಿರಲಿಲ್ಲ. ಆಣಿ ಮಾಡಿ ಹೇಳತೇನಿ."

"ಆಣಿ ಬ್ಯಾಡ. ನನ್ನ ಕೈಲೆ ಬಾಟಲಿ ತುಂಬಿಸೋ ಮುಂದ ಗೊತ್ತಿತ್ತೋ ಇಲ್ಲೋ, ಅಷ್ಟ ಹೇಳ್ರಿ."

ಪಾಯಪ್ಪ ಟೊಪ್ಪಿಗೆಯನ್ನು ತಿರುವಿದ, ಮತ್ತೆ ತಿರುವಿದ.

"ಗೊತ್ತಿತ್ತು."

"ಗೊತ್ತಿದ್ದೂ ಕುಡಿಯಾಕ ಬಿಟ್ರಿ. ನನಗ, ಮಕ್ಕಳಿಗೆ. ಬಸದಿಗೆ ಒಯ್ಯಾಕ ಬಿಟ್ರಿ."

"ಸೋಸಿದರ ಎಲ್ಲಾ ಹೋಗತೈತಿ ಅಂತ ಹೇಳಿದರು, ಸುಮನ. ಶಾಣ್ಯಾ ಮನಷ್ಯಾರು. ಓದಿದವರು. ನಿಮ್ಮ ಮನ್ಯಾಗ ಹೆಂಗೂ ಸೋಸತೀರಿ, ನಿಮಗೇನ ಧಾಡಿ ಅಂದರು. ಬಾಟಲಿ ನಿನ್ನ ಕೈಲೆ ತುಂಬಸು ಅಂತ ಅವರ ಹೇಳಿಕೊಟ್ಟರು."

"ಯಾರು?" ಶಿದ್ರಾಮಪ್ಪ ಕೇಳಿದ.

ಪಾಯಪ್ಪ ಮತ್ತೆ ತಿಪ್ಪೆಯ ಕಡೆ ನೋಡಿದ.

"ಪಾಯಪ್ಪಣ್ಣ, ಹೊಳಿದಂಡಿ ಗುಂಟ ಎಷ್ಟು ಬಾವಿ ಅದಾವ ಅಂತ ನಿನಗ ಗೊತ್ತು. ಅಲ್ಲಿ ಎಲ್ಲಾರೂ ನೀರು ಸೋಸಿ ಕುಡಿಯಂಗಿಲ್ಲ. ಗೊಬ್ಬರಾ ಕೊಟ್ಟಾಂವ ಯಾರು?"

"ಹೆಸರು ಹೇಳಂಗಿಲ್ಲ. ಹೇಳಿದರ ಅಂವ ತಪ್ಪಿಸಿಕೊಳ್ಳತಾನ, ಹಂಚಿದಾಂವ ನಾ ಒಬ್ಬನ ಉಳಿತೇನಿ."

"ನೀ ಹೇಳಲಿಲ್ಲಂದ್ರ ನಾಳೆ ಈ ಹುಡುಗಿ ವಿಚಾರಣಾದಾಗ ಹೇಳತಾಳ. ತೊಗಲು, ಗೊಬ್ಬರಾ, ನಿನ್ನ ತಿಪ್ಪಿ, ಎಲ್ಲಾ."

ಪಾಯಪ್ಪ ಮೊದಲ ಸಲ ವೈಶಾಲಿಯ ಮುಖ ನೋಡಿದ. ಅವನ ನೋಟದಲ್ಲಿ ಸಿಟ್ಟಿರಲಿಲ್ಲ. ಕನಿಕರದಂಥದ್ದು ಏನೋ ಇತ್ತು.

"ಯಾರ ಮುಂದ ಹೇಳತೀ ತಂಗಿ? ನಾಳೆ ಜಮಖಂಡ್ಯಾಗ ಕೂಡೋ ಆ ಮೂರು ಮಂದ್ಯಾಗ ಒಬ್ಬಾಂವನ ಅಂವ."

"ಯಾರು? ಆ ಮೂವರಾಗ ಯಾರು?" ವೈಶಾಲಿ ಚೀರಿದಳು.

ಪಾಯಪ್ಪ ಟೊಪ್ಪಿಗೆ ತಲೆಗೇರಿಸಿ ಬಾಯಿ ಮುಚ್ಚಿದ. ಶಿದ್ರಾಮಪ್ಪ ಬಯ್ದ, ಬೇಡಿಕೊಂಡ, ಪರಮಾನಂದ ಅಂಗಿ ಹಿಡಿದು ಅಲುಗಿಸಿದ. ಒಂದಕ್ಷರ ಹೊರಡಲಿಲ್ಲ.

ಸುಮನಕ್ಕ ಬಾವಿಯ ಗಾಲಿಯಿಂದ ಹಗ್ಗ ಬಿಚ್ಚಿ, ಸುತ್ತಿ, ಕೊಡವನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ನಾ ನಾಳೆ ಬರತೇನವ್ವಾ" ಎಂದಳು ವೈಶಾಲಿಗೆ. "ಸೋಸಿದೆ ಅಂತಾನೂ ಹೇಳತೇನಿ, ಯಾಕ ಸೋಸಿಸಿದರು ಅಂತಾನೂ ಹೇಳತೇನಿ. ಕೇಳಾವರು ಯಾರರೆ ಇರ್ಲಿ."

ವೈಶಾಲಿ ಸುಳ್ಳು ಹೇಳಿಲ್ಲ ಎನ್ನುವುದಕ್ಕೆ ಸಾಕ್ಷಿ ಸಿಕ್ಕಿತು. ಬಣ್ಣದ ಮನೆಗಳ ಮೇಲೆ ಅವಳು ಎರಡು ವರ್ಷ ಬರೆದದ್ದು ಹೋಯಿತು. ಸುಮನಕ್ಕನಿಗೆ ಬಾವಿ ಹೋಯಿತು, ಗಂಡನ ಮೇಲಿನ ನಂಬಿಕೆಯೂ ಹೋಯಿತು. ಸಾಕ್ಷಿ ಕೇಳಲು ಕೂಡುವ ಮೂವರಲ್ಲಿ ಇಬ್ಬರು ಒಳ್ಳೆಯವರು. ಆ ಇಬ್ಬರು ಯಾರೆಂಬುದು ಆ ಅಂಗಳದಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.